ಗೂಡಿನ ರೇಟು ಬಿದ್ದ ವರ್ಷ

2011ರ ಫೆಬ್ರವರಿ 28, ಸೋಮವಾರ. ಪಾಂಡವಪುರ ತಾಲ್ಲೂಕಿನ ನಮ್ಮೂರಿನಲ್ಲಿ ಅವತ್ತು ನಮ್ಮ ಮನೆಯ ಹುಳು ನಾಲ್ಕನೇ ಜ್ವರದಿಂದ ಎದ್ದಿತ್ತು. ರೇಷ್ಮೆ ಮಾಡಿದವರಿಗೆ ಇಷ್ಟು ಹೇಳಿದರೆ ಸಾಕು, ಮನೆ ಹೇಗಿತ್ತು ಅಂತ ಗೊತ್ತಾಗುತ್ತದೆ. ಮಾಡದವರಿಗೆ ಒಂದೆರಡು ಮಾತು ಬಿಡಿಸಿ ಹೇಳುತ್ತೇನೆ.

ಮೊಟ್ಟೆ ಒಡೆದ ಹುಳು ಗೂಡು ಕಟ್ಟುವ ತನಕ ಇಪ್ಪತ್ತೈದು ಇಪ್ಪತ್ತಾರು ದಿನ. ಆ ನಡುವೆ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲುಗಾಡದೆ ಮಲಗಿ, ಪೊರೆ ಕಳಚುತ್ತದೆ. ಅದನ್ನೇ ಜ್ವರ ಅನ್ನುವುದು. ನಾಲ್ಕನೆಯದು ಮುಗಿಸಿ ಎದ್ದ ಹುಳುವಿನ ಹಸಿವು ದೊಡ್ಡದು. ಹುಟ್ಟಿದಾಗಿನಿಂದ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಆ ಕೊನೆಯ ಏಳೆಂಟು ದಿನಗಳಲ್ಲೇ ಮುಗಿಯುತ್ತದೆ. ಕತ್ತಲಿರುವಾಗಲೇ ತೋಟಕ್ಕೆ ಹೋಗಬೇಕು, ಬಿಸಿಲೇರುವ ಮೊದಲು ಕಡ್ಡಿ ಕುಯ್ದು ಹೊರೆ ಹೊರಬೇಕು, ಒದ್ದೆ ಗೋಣಿಯಡಿ ಸೊಪ್ಪು ಬಾಡದ ಹಾಗೆ ನೋಡಿಕೊಳ್ಳಬೇಕು. ಅಪ್ಪ, ಅವ್ವ, ನಾನು, ಕೂಲಿಗೆ ಬಂದ ಇಬ್ಬರು ಹೆಂಗಸರು. ಯಾರಿಗೂ ನೆಟ್ಟಗೆ ಕೂತು ಉಣ್ಣುವುದಕ್ಕೆ ಪುರುಸೊತ್ತಿರಲಿಲ್ಲ.

ಹಾಗಾಗಿ ದೆಹಲಿಯಲ್ಲಿ ಪ್ರಣಬ್ ಮುಖರ್ಜಿಯವರು ಅವತ್ತು ಬೆಳಿಗ್ಗೆ ಬಜೆಟ್ ಓದಿದ್ದು ನಮ್ಮ ಮನೆಯಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಸಂಜೆ ಟಿ.ವಿ.ಯಲ್ಲಿ ಆದಾಯ ತೆರಿಗೆ ಏನಾಯಿತು, ಯಾವ ಸಾಮಾನು ಅಗ್ಗ, ಯಾವುದು ತುಟ್ಟಿ ಅಂತ ಹೇಳುತ್ತಿದ್ದರು. ಆ ಬಜೆಟ್ಟಿನಲ್ಲೇ ಇನ್ನೊಂದು ಸಾಲಿತ್ತು. ಹೊರದೇಶದಿಂದ ತರಿಸುವ ಕಚ್ಚಾ ರೇಷ್ಮೆಯ ಮೇಲಿನ ಸೀಮಾ ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಲಾಗಿದೆ ಅಂತ. ಅವ್ವ ಅದೇ ಹೊತ್ತಿಗೆ ಹುಳುಮನೆಯಲ್ಲಿ ಸುಣ್ಣದ ಪುಡಿ ಎರಚುತ್ತಿದ್ದಳು.

ಮಾರ್ಚ್ ನಡುವಿನ ಹೊತ್ತಿಗೆ ಹುಳು ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆ ಹತ್ತಿ, ಗೂಡು ಬಿಡಿಸಿಯೂ ಆಯಿತು. ಬೆಳೆ ಚೆನ್ನಾಗಿತ್ತು. ಹಾಲುತೊಂಡೆ, ಸುಣ್ಣಕಟ್ಟಿನಂಥ ರೋಗ ಇಲ್ಲ, ಊಜಿ ನೊಣದ ಕಾಟವೂ ಕಡಿಮೆ. ನೂರು ಚಿಟ್ಟೆಯ ಮೊಟ್ಟೆಗೆ ಎಪ್ಪತ್ತು ಕೆಜಿ ಹತ್ತಿರ ಹತ್ತಿರ ಬಂದಿತ್ತು. ಕೈಲಿ ಹಿಡಿದು ಅಲ್ಲಾಡಿಸಿದರೆ ಒಳಗಿನ ಹುಳು ಕಟಕಟ ಅನ್ನುತ್ತಿತ್ತು. ಕೆ.ಆರ್. ಪೇಟೆಯ ಮಾವನದೂ ಅದೇ ವಾರಕ್ಕೆ ಬಂದಿದ್ದರಿಂದ ಇಬ್ಬರೂ ಸೇರಿ ಒಂದು ಟೆಂಪೊ ಮಾಡಿಕೊಂಡರು. ಮಾವ ಅಂದರೆ ಅವ್ವನ ಅಣ್ಣ, ಕಿಕ್ಕೇರಿ ಕಡೆಯವರು, ಹೇಮಾವತಿ ನಾಲೆ ನೀರಿನಲ್ಲಿ ಭತ್ತದ ಜೊತೆಗೆ ಒಂದೆಕರೆ ಹಿಪ್ಪುನೇರಳೆ ಇಟ್ಟಿದ್ದವರು. ನಡುರಾತ್ರಿ ಹೊರಟು ಮಂಡ್ಯ, ಮದ್ದೂರು, ಚನ್ನಪಟ್ಟಣ ದಾಟಿ ರಾಮನಗರ ಸೇರಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಗೂಡಿನ ಮೂಟೆಯನ್ನು ತುಂಬ ಹೊತ್ತು ಕಟ್ಟಿಡುವಂತಿಲ್ಲ, ಬೆವೆತು ಹಾಳಾಗುತ್ತದೆ. ಹೋದ ಕೂಡಲೇ ಸುರಿದು, ಹರಡಿ, ಲಾಟು ನಂಬರು ಹಾಕಿಸಿದೆವು.

ರಾಮನಗರದ ಗೂಡಿನ ಮಾರುಕಟ್ಟೆ ನೋಡಿದವರಿಗೆ ಅದರ ಗದ್ದಲ ಮರೆಯುವುದಿಲ್ಲ. ಏಷ್ಯಾಕ್ಕೇ ದೊಡ್ಡದು ಅನ್ನುತ್ತಾರೆ. ನಮ್ಮ ರಾಜ್ಯದಲ್ಲಿ 1959ರ ಕಾಯಿದೆಯ ಪ್ರಕಾರ ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಹರಾಜಿಗಿಡಬೇಕು. ಆಗ ನೂಲು ಬಿಚ್ಚುವ ರೀಲರುಗಳು ಸಾಲು ಸಾಲಾಗಿ ಬರುತ್ತಿದ್ದರು, ಒಂದು ಹಿಡಿ ಗೂಡು ಎತ್ತಿ ಒತ್ತಿ ನೋಡುತ್ತಿದ್ದರು, ಒಂದನ್ನು ಕುಯ್ದು ಒಳಗಿನ ಹುಳು ನೋಡುತ್ತಿದ್ದರು, ಆಮೇಲೆ ಕೂಗು. ಹಿಂದಿನ ಬೆಳೆಯಲ್ಲಿ ನಮ್ಮ ಗೂಡು ಕೆಜಿಗೆ ಮುನ್ನೂರು ರೂಪಾಯಿ ದಾಟಿತ್ತು. ಆ ದಿನ ಮೊದಲ ಕೂಗು ನೂರ ಎಂಬತ್ತಕ್ಕೆ ಬಂತು.

ಅಪ್ಪ ತಮಾಷೆ ಅಂದುಕೊಂಡರು. "ಏನ್ ಸಾಬ್ರೆ, ಗೂಡ್ ನೋಡಿ ಕೂಗಿ" ಅಂದರು. ನಮ್ಮ ಗೂಡು ವರ್ಷಗಟ್ಟಲೆ ಕೊಂಡಿದ್ದ ರೀಲರೊಬ್ಬರು ಹತ್ತಿರ ಬಂದು ಅಪ್ಪನ ಭುಜದ ಮೇಲೆ ಕೈಯಿಟ್ಟರು. "ಗೌಡ್ರೆ, ನಿಮ್ ಗೂಡ್ ಚಿನ್ನ. ತಪ್ಪು ಗೂಡಿಂದಲ್ಲ. ಡೆಲ್ಲೀಲಿ ಚೀನಾ ನೂಲಿಗೆ ಸುಂಕ ಇಳಿಸವ್ರೆ. ನನ್ ಮನೇಲಿ ಮುನ್ನೂರರ ಗೂಡ್ ಸುತ್ತಿದ ನೂಲು ಹಂಗೇ ಬಿದ್ದೈತೆ. ವ್ಯಾಪಾರಿ ಎತ್ತಾ ಇಲ್ಲ. ಚೀನಾ ಮಾಲು ಬರ್ಲಿ, ನೋಡಾಣ ಅಂತವ್ನೆ." ಅವರ ಮುಖದಲ್ಲೂ ಕಳೆ ಇರಲಿಲ್ಲ. ಕೊನೆಗೆ ಇನ್ನೂರ ಹತ್ತಕ್ಕೆ ಒಂದು ಲಾಟು, ಇನ್ನೂರಕ್ಕೆ ಇನ್ನೊಂದು ಹೋಯಿತು. ಟೆಂಪೊ ಬಾಡಿಗೆ ಕೊಟ್ಟು ಮಾವ ಬಸ್ಸು ಹತ್ತುವಾಗ ಒಂದೇ ಮಾತು ಕೇಳಿದರು: "ಚೀನಾದೋರ್ ನೂಲ್ಗೂ ನಮ್ ಕಿಕ್ಕೇರಿ ಸೊಪ್ಗೂ ಎಲ್ಲಿಂದೆಲ್ಲಿಗ್ ಸಂಬಂಧ ಭಾವ?"

ಆ ಪ್ರಶ್ನೆಯನ್ನು ಅಪ್ಪ ಮನೆಗೆ ಹೊತ್ತು ತಂದರು. ಹುಳು ತಿಂದುಳಿದ ಕಡ್ಡಿಯನ್ನು ಒಣಗಿಸಿ ಹುಳುಮನೆ ಮುಂದೆ ಬೆಂಕಿ ಹಾಕಿಕೊಂಡು ಕೂರುವುದು ನಮ್ಮಲ್ಲಿ ರೂಢಿ. ಆ ವರ್ಷ ಬೆಂಕಿ ಮುಂದೆ ಬೇರೆ ಮಾತೇ ಇರಲಿಲ್ಲ. ನಾನು ಆಗ ಮೈಸೂರಿನಲ್ಲಿ ಬಿ.ಕಾಂ. ಮುಗಿಸಿದ್ದವನು. ಲೆಕ್ಕ ಹಾಕಿ ಹೇಳು ಅಂತ ಅಪ್ಪ ನನ್ನನ್ನು ಕೂರಿಸಿದರು. ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ಹೇಳಿದ್ದು ನೆನಪಿದೆ.

ಚೀನಾ ನೂಲು ಕೆಜಿಗೆ ಎರಡು ಸಾವಿರ ರೂಪಾಯಿಗೆ ನಮ್ಮ ಬಂದರಿಗೆ ಬಂತು ಅಂತ ಇಟ್ಟುಕೊಳ್ಳಿ. ಶೇ 30 ಸುಂಕ ಅಂದರೆ ಆರುನೂರು, ಒಟ್ಟು ಎರಡು ಸಾವಿರದ ಆರುನೂರು. ಶೇ 5 ಅಂದರೆ ನೂರು, ಒಟ್ಟು ಎರಡು ಸಾವಿರದ ನೂರು. ಒಂದೇ ರಾತ್ರಿಗೆ ಕೆಜಿ ನೂಲಿನ ಮೇಲೆ ಐನೂರು ರೂಪಾಯಿ ಇಳಿಯಿತು. ಒಂದು ಕೆಜಿ ನೂಲು ಬಿಚ್ಚಲು ನಮ್ಮ ಹಳದಿ ಗೂಡು ಸುಮಾರು ಎಂಟು ಕೆಜಿ ಬೇಕು. ಐನೂರನ್ನು ಎಂಟರಿಂದ ಭಾಗಿಸಿದರೆ ಕೆಜಿ ಗೂಡಿಗೆ ಅರವತ್ತು ಚಿಲ್ಲರೆ. ಲೆಕ್ಕದ ಪ್ರಕಾರ ನಮ್ಮ ಗೂಡಿನ ರೇಟು ಅಷ್ಟು ಬೀಳಬೇಕಿತ್ತು.

"ಅರವತ್ ಅಂತೀಯ, ನೂರ್ ಬಿದ್ದೈತಲ್ಲ?" ಅಂದರು ಅಪ್ಪ. ಅದು ಲೆಕ್ಕದ ಆಚೆಗಿನದು, ಭಯದ ಬಾಬತ್ತು. ರೀಲರ ಹತ್ತಿರ ದುಬಾರಿ ಗೂಡಿನ ನೂಲು ಉಳಿದಿತ್ತು. ನೂಲಿನ ವ್ಯಾಪಾರಿ ಇನ್ನೂ ಇಳಿಯುತ್ತದೆ ಅಂತ ಕಾಯುತ್ತಿದ್ದ. ಕಾಯುವ ಶಕ್ತಿ ಇಲ್ಲದವನು ಇದ್ದದ್ದು ರೈತ ಒಬ್ಬನೇ, ಯಾಕೆಂದರೆ ಬಿಡಿಸಿದ ಗೂಡಿನೊಳಗೆ ಹುಳು ಚಿಟ್ಟೆಯಾಗುತ್ತಾ ಇರುತ್ತದೆ. ಚಿಟ್ಟೆ ತೂತು ಮಾಡಿ ಹೊರಬಂದರೆ ಆ ಗೂಡಿನ ಎಳೆ ಬಿಚ್ಚುವುದಕ್ಕೆ ಬರುವುದಿಲ್ಲ. ಒಂದು ವಾರದೊಳಗೆ ಸಿಕ್ಕಷ್ಟಕ್ಕೆ ಮಾರಲೇಬೇಕು.

ಇದಕ್ಕೂ ಹಿಂದಿನ ಕಥೆ ಇದೆ, ಅದನ್ನೂ ಆ ಬೆಂಕಿ ಮುಂದೆಯೇ ಕೂತು ಓದಿ ಹೇಳಿದ್ದೆ. ಮೊದಲು ಹೊರದೇಶದ ಸರಕು ಎಷ್ಟು ಬರಬೇಕು ಅನ್ನುವುದಕ್ಕೇ ಸರ್ಕಾರ ಮಿತಿ ಹಾಕುತ್ತಿತ್ತು. ವಿಶ್ವ ವ್ಯಾಪಾರ ಸಂಸ್ಥೆ 1995ರಲ್ಲಿ ಶುರುವಾದ ಮೇಲೆ ಅಮೆರಿಕ ಇದನ್ನು ಪ್ರಶ್ನಿಸಿ ಜಿನೀವಾದಲ್ಲಿ ದೂರು ಕೊಟ್ಟಿತು. 1999ರಲ್ಲಿ ತೀರ್ಪು ಭಾರತದ ವಿರುದ್ಧ ಬಂತು. ಅದೇ ವರ್ಷದ ಕೊನೆಗೆ ಅಮೆರಿಕದ ಜೊತೆ ಮಾತುಕತೆ ನಡೆದು, ಆ ಮಿತಿಗಳನ್ನು 2000 ಮತ್ತು 2001ರ ಏಪ್ರಿಲ್ 1ರಂದು ಎರಡು ಕಂತಿನಲ್ಲಿ ತೆಗೆದುಹಾಕಿದರು. ಅಲ್ಲಿಂದಾಚೆ ನಮಗೆ ಉಳಿದ ಆಸರೆ ಸುಂಕ ಮಾತ್ರ. ಚೀನಾ ರೇಷ್ಮೆ ರಾಶಿ ರಾಶಿ ಬಂದಾಗ 2003ರಲ್ಲಿ ಅದರ ಮೇಲೆ ಆ್ಯಂಟಿ ಡಂಪಿಂಗ್ ಸುಂಕ ಹಾಕಿದರು. ಗೊತ್ತುಮಾಡಿದ ಬೆಲೆಗಿಂತ ಕೆಳಗೆ ಮಾಲು ಬಂದರೆ ಆ ವ್ಯತ್ಯಾಸವನ್ನು ಸುಂಕವಾಗಿ ಕಟ್ಟಿಸಿಕೊಳ್ಳುವುದು ಅದರ ಕ್ರಮ. ಆದರೆ ಚೀನಾದಲ್ಲೇ ಬೆಲೆ ಆ ಗೆರೆ ದಾಟಿದರೆ ಆ ಸುಂಕ ಇದ್ದೂ ಇಲ್ಲದ ಹಾಗೆ. ಆಗ ರೈತನ ಬೆನ್ನಿಗಿದ್ದದ್ದು ಆ ಶೇ 30 ಒಂದೇ.

ಬೇಸಿಗೆ ಕಳೆಯುವ ಹೊತ್ತಿಗೆ ಗೂಡು ನೂರೈವತ್ತರ ಕೆಳಕ್ಕೂ ಇಳಿಯಿತು. ಮೊಟ್ಟೆ, ಗೊಬ್ಬರ, ಔಷಧಿ, ಸೊಪ್ಪು ಕುಯ್ಯುವ ಕೂಲಿ ಕಳೆದರೆ ಮನೆಯವರ ದುಡಿಮೆಗೆ ಏನೂ ಉಳಿಯುತ್ತಿರಲಿಲ್ಲ. ಅದರಲ್ಲೂ ಹೆಂಗಸರ ದುಡಿಮೆಗೆ. ಚಾಕಿ ಮರಿಹುಳುವಿಗೆ ಎಳೆ ಸೊಪ್ಪು ಸಣ್ಣಗೆ ಹೆಚ್ಚುವುದರಿಂದ ಹಿಡಿದು, ಹಾಸಿಗೆ ಬದಲಿಸುವುದು, ಹಣ್ಣಾದ ಹುಳು ಆರಿಸುವುದು, ಗೂಡು ಬಿಡಿಸುವುದರ ತನಕ ರೇಷ್ಮೆಯ ಅರ್ಧಕ್ಕಿಂತ ಹೆಚ್ಚು ಕೆಲಸ ಅವರದೇ. ಗಂಡಸರು ಮಾರುಕಟ್ಟೆಯಲ್ಲಿ ರೇಟು ಕೇಳಿ ಬೈದುಕೊಂಡು ಬರುತ್ತಿದ್ದರು. ಅವ್ವ ಮಾತ್ರ ಯಾರನ್ನೂ ಬೈಯಲಿಲ್ಲ. ಆ ಸಲ ಚೀಟಿ ಕಟ್ಟುವುದನ್ನು ನಿಲ್ಲಿಸಿದಳು, ಅಷ್ಟೇ.

ನಮಗಾದರೂ ವಿಶ್ವೇಶ್ವರಯ್ಯ ನಾಲೆಯ ನೀರಿತ್ತು. ಕಬ್ಬು, ಭತ್ತ ಅಂತ ಹೇಗೋ ಆಗುತ್ತಿತ್ತು. ನಾಗಮಂಗಲದ ಅತ್ತೆಯ ಪಾಡು ಬೇರೆ. ಅತ್ತೆ ಅಪ್ಪನ ತಂಗಿ. ಅವರ ಹೊಲಕ್ಕೆ ನಾಲೆಯ ನೀರಿರಲಿಲ್ಲ, ಇದ್ದದ್ದು ಕೊಳವೆ ಬಾವಿ ಒಂದು. ಕಡಿಮೆ ನೀರಿನಲ್ಲಿ ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಕೈಗೆ ಕಾಸು ಕೊಡುವ ಬೆಳೆ ಅಂತಲೇ ಅವರು ರೇಷ್ಮೆಗೆ ಬಂದಿದ್ದರು. ಹುಳುಮನೆ ಕಟ್ಟಲು ಬ್ಯಾಂಕಿನ ಸಾಲ ಬೇರೆ. ಮೇ ತಿಂಗಳಲ್ಲಿ ಅಪ್ಪನ ಜೊತೆ ಹೋದಾಗ ಜೆಸಿಬಿ ಬಂದು ತೋಟದಲ್ಲಿ ನಿಂತಿತ್ತು. ತೊಡೆ ಗಾತ್ರದ ಬೇರಿನ ಹಿಪ್ಪುನೇರಳೆಯನ್ನು ಸಾಲು ಹಿಡಿದು ಕಿತ್ತು ಬದುವಿಗೆ ಎಸೆಯುತ್ತಿತ್ತು. ಅತ್ತೆ ಕಣ್ಣೀರು ಹಾಕಲಿಲ್ಲ. "ಅಣ್ಣಯ್ಯ, ಬೇರ್ ನೋಡು ಹೆಂಗವೆ. ಇನ್ನೂ ಹತ್ತೊರ್ಸ ಇರವು" ಅಂದಳು. ಅಪ್ಪ ಒಂದು ಬೇರಿನ ಮಣ್ಣು ಕೊಡವಿ ನೋಡಿ ಅಲ್ಲೇ ಇಟ್ಟರು.

ನಾನು ಈ ಕಥೆ ಹೇಳುವುದೇ ಆ ಬೇರಿಗಾಗಿ. ಹಿಪ್ಪುನೇರಳೆ ಒಮ್ಮೆ ನೆಟ್ಟರೆ ಹದಿನೈದು ವರ್ಷಕ್ಕೂ ಮಿಗಿಲಾಗಿ ಸೊಪ್ಪು ಕೊಡುತ್ತದೆ. ಹೊಸದಾಗಿ ನೆಟ್ಟರೆ ತುಂಬು ಇಳುವರಿಗೆ ವರ್ಷ ಕಾಯಬೇಕು. ಸುಂಕವನ್ನು ಒಂದು ದಿನದಲ್ಲಿ ಇಳಿಸಬಹುದು, ತಪ್ಪಾಯಿತು ಅನ್ನಿಸಿದರೆ ಮತ್ತೊಂದು ದಿನದಲ್ಲಿ ಏರಿಸಬಹುದು. ಕಿತ್ತ ಗಿಡಕ್ಕೆ ಆ ಅನುಕೂಲ ಇಲ್ಲ. ದೆಹಲಿಯ ಕಾಗದದಲ್ಲಿ ಈ ವ್ಯತ್ಯಾಸಕ್ಕೆ ಎಂದೂ ಜಾಗ ಇದ್ದ ಹಾಗೆ ನನಗೆ ಕಾಣಲಿಲ್ಲ.

ಆಷಾಢದಲ್ಲಿ ಶ್ರೀರಂಗಪಟ್ಟಣದಲ್ಲಿ ರಸ್ತೆ ತಡೆ ಅಂತ ಸುದ್ದಿ ಬಂತು. ಮಂಡ್ಯ, ರಾಮನಗರ ಕಡೆಯೆಲ್ಲ ಆಗ ಗೂಡು ರಸ್ತೆಗೆ ಸುರಿಯುತ್ತಿದ್ದ ಕಾಲ. ಪಾಂಡವಪುರ ಅಂದರೆ ರೈತ ಸಂಘದ ನೆಲ, ಸಂಘದ ಮುಖಂಡರಾಗಿದ್ದ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರ ಊರು. ಹಸಿರು ಶಾಲು ಹೊದ್ದು ಹೊರಡುವುದು ಅಲ್ಲಿನವರಿಗೆ ಹೊಸದಲ್ಲ. ನಾವೂ ಹೋದೆವು. ಮಾವ ಕೆ.ಆರ್. ಪೇಟೆಯಿಂದ ಬಂದರು. ಅತ್ತೆಯೂ ಬಂದಳು, ತೋಟ ಕಿತ್ತ ಮೇಲೂ ಬಂದಳು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹಳದಿ ಗೂಡು ಚೆಲ್ಲಿದ್ದರು. ನಿಂತ ಬಸ್ಸಿನೊಳಗಿನಿಂದ ಮಕ್ಕಳು ಕೆಳಗಿಳಿದು ಅದನ್ನು ಆಯ್ದುಕೊಂಡು ಆಡುತ್ತಿದ್ದವು. ತಹಶೀಲ್ದಾರರು ಬಂದು ಮನವಿ ತೆಗೆದುಕೊಂಡರು. ಆ ಮನವಿ ಜಿಲ್ಲಾಧಿಕಾರಿಗೆ, ಅಲ್ಲಿಂದ ಬೆಂಗಳೂರಿಗೆ, ಅಲ್ಲಿಂದ ದೆಹಲಿಗೆ.

ರಾತ್ರಿ ನಾವೆಲ್ಲ ಅದೇ ತಾಲ್ಲೂಕಿನಲ್ಲಿದ್ದ ಚಿಕ್ಕವ್ವನ ಮನೆಗೆ ಹೋದೆವು. ಗಾಳಿ, ಜಿನುಗು ಮಳೆ. ಕೊಟ್ಟಿಗೆಯ ಪಕ್ಕದಲ್ಲಿ ಬೆಂಕಿ ಹಾಕಿದರು. ಅಲ್ಲಿಗೆ ಚಿಕ್ಕಪ್ಪನ ಸ್ನೇಹಿತರೊಬ್ಬರು ಬಂದರು, ಕೊಡಿಯಾಲದ ನೇಕಾರರು. ಕೊಡಿಯಾಲ ಅದೇ ಶ್ರೀರಂಗಪಟ್ಟಣ ತಾಲ್ಲೂಕಿನ ಊರು. ಹೆಚ್ಚಿನ ಮನೆಗಳಲ್ಲಿ ಮಗ್ಗವಿದೆ, ರೇಷ್ಮೆ ಸೀರೆ ನೇಯುತ್ತಾರೆ. ಅವರು ನಮ್ಮ ಮಾತು ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಅಂದರು: "ಗೌಡ್ರೆ, ಬೇಜಾರ್ ಮಾಡ್ಕೊಬೇಡಿ. ನಿಮ್ ಗೂಡ್ ಮುನ್ನೂರಾದಾಗ ನಮ್ ಮಗ್ಗ ನಿಂತಿತ್ತು. ಆವಾಗ ನಮ್ ಪರವಾಗಿ ಯಾರೂ ರಸ್ತೇಗ್ ಬರ್ಲಿಲ್ಲ."

ಬೆಂಕಿ ಸುತ್ತ ಮಾತು ನಿಂತುಹೋಯಿತು. ಅಪ್ಪ ಒಂದು ಕಡ್ಡಿ ಮುಂದಕ್ಕೆ ತಳ್ಳಿ, "ಹೇಳಿ, ಬಿಡಿಸಿ ಹೇಳಿ" ಅಂದರು.

ಅವರು ಹೇಳಿದರು. ಒಂದು ಸೀರೆಗೆ ಅರ್ಧ ಕೆಜಿ ಆಸುಪಾಸು ನೂಲು ಬೇಕು. ನೂಲಿನ ರೇಟು ಏರಿದರೆ ಸೀರೆಯ ರೇಟು ಅಷ್ಟೇ ವೇಗದಲ್ಲಿ ಏರುವುದಿಲ್ಲ. ನಷ್ಟ ನೇಕಾರನ ಮಜೂರಿಯಲ್ಲಿ ಕಳೆಯುತ್ತದೆ. ಹಾಸಿಗೆ, ಅಂದರೆ ಸೀರೆಯ ಉದ್ದದ ಎಳೆಗೆ, ಚೀನಾ ನೂಲು ಹಾಕಿದರೆ ಎಳೆ ಒಂದೇ ಸಮ ಇರುತ್ತದೆ, ಮಗ್ಗದ ಮೇಲೆ ಕಡಿಯುವುದಿಲ್ಲ. ನಮ್ಮ ಚರಕದ ನೂಲನ್ನು ಹೊಕ್ಕಿಗೆ ಹಾಕಬಹುದು, ಹಾಸಿಗೆ ಹಾಕಿದರೆ ದಿನವಿಡೀ ಗಂಟು ಕಟ್ಟುತ್ತಾ ಕೂರಬೇಕು. ದೇಶದಲ್ಲಿ ಆಗ ಬೆಳೆಯುತ್ತಿದ್ದ ರೇಷ್ಮೆ ಸುಮಾರು 20 ಸಾವಿರ ಟನ್, ಮಗ್ಗಗಳಿಗೆ ಬೇಕಿದ್ದದ್ದು ಅದಕ್ಕಿಂತ ಹಲವು ಸಾವಿರ ಟನ್ ಹೆಚ್ಚು. ಬನಾರಸ್ಸಿನವರು, ಕಂಚಿಯವರು, ಧರ್ಮಾವರದವರು ಎಲ್ಲರೂ ಸುಂಕ ಇಳಿಸಿ ಅಂತ ಕೇಳಿದ್ದು ಸುಳ್ಳಲ್ಲ.

"ಸರಿ, ಈಗ ಇಳಿದದಲ್ಲ. ನಿಮ್ಗ್ ದಕ್ತಾ?" ಅಂದರು ಮಾವ.

ನೇಕಾರರು ತಲೆಯಾಡಿಸಿದರು. "ಎಲ್ಲಿ ದಕ್ತದೆ? ನಾವ್ ನೂಲ್ ತರೋದು ಸಾಹುಕಾರರ ಹತ್ರ, ಸಾಲದ ಮೇಲೆ. ಅವರು ಇಳ್ಸಿದಷ್ಟು ನಮ್ಗೆ. ಇಳ್ಸೋಕ್ ಮೊದ್ಲೇ ಸೀರೆ ಅಂಗಡಿಯೋರು ರೇಟ್ ಕಡ್ಮೆ ಮಾಡಿ ಅಂತ ಕೂತವ್ರೆ."

ಅದಾದ ಮೇಲೆ ನಡೆದ ಮಾತು ನನ್ನ ಮನಸ್ಸಿನಲ್ಲಿ ಚೆನ್ನಾಗಿ ಉಳಿದಿದೆ. ಗೂಡು ಬೆಳೆಯುವವರು ಮೂರು ತಾಲ್ಲೂಕಿನಿಂದ ಬಂದಿದ್ದರು, ನೇಯುವವರು ಅದೇ ನೆಲದವರು. ಇಬ್ಬರ ಹೊಲ, ಮಗ್ಗದ ನಡುವೆ ಒಂದೆರಡು ಗಂಟೆಯ ಹಾದಿಯೂ ಇಲ್ಲ. ಸರ್ಕಾರ ಯಾವತ್ತೂ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿರಲಿಲ್ಲ. ರೈತರ ಮನವಿ ಒಂದು ಇಲಾಖೆಗೆ ಹೋಗುತ್ತಿತ್ತು, ನೇಕಾರರದು ಇನ್ನೊಂದಕ್ಕೆ. ಅತ್ತೆ ಅವತ್ತು ಕೇಳಿದಳು: "ನಮ್ ಜಿಲ್ಲೆಯೋರೇ ಮಂತ್ರಿ ಅಲ್ವಾ ಡೆಲ್ಲೀಲಿ?" ನಿಜ, ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಆಗ ವಿದೇಶಾಂಗ ಸಚಿವರು. ಮಂಡ್ಯದ ಸಂಸದರಾಗಿದ್ದ ಎನ್. ಚಲುವರಾಯಸ್ವಾಮಿ ಅತ್ತೆಯ ನಾಗಮಂಗಲದವರೇ. ಆದರೆ ಸುಂಕ ಹಣಕಾಸು ಖಾತೆಯದು, ಜವಳಿ ಬೇರೆ ಖಾತೆಯದು, ಹೊರದೇಶದ ವ್ಯಾಪಾರ ಒಪ್ಪಂದ ವಾಣಿಜ್ಯ ಖಾತೆಯದು ಅಂತ ನಾನು ಹೇಳಿದೆ. "ಅಂಗಾದ್ರೆ ಹುಳ ಯಾರ್ ಖಾತೇದು?" ಅಂತ ಅತ್ತೆ ಕೇಳಿದಳು. ಯಾರಿಗೂ ಉತ್ತರ ಬರಲಿಲ್ಲ.

ಚಿಕ್ಕಪ್ಪನ ಮನೆಯ ಪಕ್ಕದಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಅವರೂ ಬೆಂಕಿ ಕಾಯಿಸಲು ಬಂದಿದ್ದರು. ರೇಷ್ಮೆ ಈ ಸೀಮೆಗೆ ಬಂದದ್ದೇ ಶ್ರೀರಂಗಪಟ್ಟಣದ ಕೋಟೆಯಿಂದ ಅಂತ ಅವರು ತೆಗೆದರು. ಟಿಪ್ಪು ಸುಲ್ತಾನ 1786ರ ಸೆಪ್ಟೆಂಬರಿನಲ್ಲಿ ಪಟ್ಟಣದ ಕಿಲ್ಲೇದಾರ ಸಯ್ಯದ್ ಮಹಮ್ಮದನಿಗೆ ಬರೆದ ಕಾಗದವೊಂದಿದೆ. ಹುಳು ತರಲು ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ವಾಪಸು ಬರುತ್ತಿದ್ದಾರೆ, ಹುಳುವನ್ನು ಎಂಥ ಜಾಗದಲ್ಲಿ ಸಾಕಬೇಕು ಅನ್ನುವುದನ್ನು ಅವರಿಂದಲೇ ಕೇಳಿ ತಿಳಿದು ಏರ್ಪಾಟು ಮಾಡು ಅನ್ನುವುದು ಅದರ ಸಾರ. ಕಿರ್ಕ್‌ಪ್ಯಾಟ್ರಿಕ್ ಅನ್ನುವ ಇಂಗ್ಲಿಷ್ ಅಧಿಕಾರಿ ಟಿಪ್ಪುವಿನ ಪತ್ರಗಳನ್ನು 1811ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ. ಕೆಲಸ ಗೊತ್ತಿದ್ದವರನ್ನು ಕೇಳಿ ಮಾಡು ಅಂತ ಅರಸ ಬರೆದ ಆ ಮಾತು ನನಗೆ ಆ ರಾತ್ರಿ ತುಂಬ ಹಿಡಿಸಿತು, ಈಗಲೂ ಹಿಡಿಸುತ್ತದೆ.

ಮೇಷ್ಟ್ರು ಇನ್ನೊಂದನ್ನೂ ಹೇಳಿದರು. ಅವರ ತಾತನ ಕಾಲದಲ್ಲೂ ಹೀಗೇ ಗಿಡ ಕಿತ್ತಿದ್ದರಂತೆ, ಆಗ ಬಂದದ್ದು ಜಪಾನು, ಚೀನಾ ಎರಡೂ ಕಡೆಯ ಅಗ್ಗದ ರೇಷ್ಮೆ. ಟ್ಯಾರಿಫ್ ಬೋರ್ಡ್ 1933ರಲ್ಲಿ ರೇಷ್ಮೆ ಕಸುಬಿನ ವಿಚಾರಣೆ ನಡೆಸಿತು, ಮರುವರ್ಷ ರಕ್ಷಣೆಯ ಸುಂಕ ಬಂತು. ಅದೇ ಹೊತ್ತಿಗೆ ಜಪಾನಿನ ಹತ್ತಿ ಬಟ್ಟೆಗೆ ಕಡಿವಾಣ ಹಾಕುವ ಬಗ್ಗೆ ಆಗಿನ ಸರ್ಕಾರ ಜಪಾನಿನವರ ಜೊತೆ ತಿಂಗಳುಗಟ್ಟಲೆ ಮಾತಾಡಿತು. ವರ್ಷಕ್ಕೆ 40 ಕೋಟಿ ಗಜಕ್ಕಿಂತ ಹೆಚ್ಚು ಬಟ್ಟೆ ತರುವಂತಿಲ್ಲ, ಅಷ್ಟು ತರಬೇಕಾದರೆ ಜಪಾನು ನಮ್ಮ ಹತ್ತಿ 15 ಲಕ್ಷ ಬೇಲು ಕೊಳ್ಳಬೇಕು ಅಂತ ಒಪ್ಪಂದವಾಯಿತು. ಕೊಡುವುದಕ್ಕೆ ಪ್ರತಿಯಾಗಿ ತೆಗೆದುಕೊಳ್ಳುವ ಚೌಕಾಸಿ ಅದರಲ್ಲಿತ್ತು. 2011ರಲ್ಲಿ ನಾವು ಶೇ 25ನ್ನು ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಚೀನಾದಿಂದ ಏನೂ ಕೇಳಿದ್ದು ಕಾಣಲಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಆ ಮನವಿಗಳಿಗೆ ಉತ್ತರ ಬಂದದ್ದು 2013ರ ಬಜೆಟ್ಟಿನಲ್ಲಿ. ಪಿ. ಚಿದಂಬರಂ ಸುಂಕವನ್ನು ಶೇ 5ರಿಂದ ಶೇ 15ಕ್ಕೆ ಏರಿಸಿದರು. ಎರಡು ವರ್ಷ ಕಳೆದಿತ್ತು, ಅತ್ತೆಯ ಹುಳುಮನೆಯಲ್ಲಿ ಹಸು ಕಟ್ಟಿದ್ದರು. ಆಮೇಲೆ ಅದು ಮತ್ತೆ ಶೇ 10ಕ್ಕೆ ಇಳಿಯಿತು. 2019ರಲ್ಲಿ ಆರ್‌ಸಿಇಪಿ ಅನ್ನುವ ದೊಡ್ಡ ವ್ಯಾಪಾರ ಒಪ್ಪಂದದ ಮಾತು ಕೊನೆಯ ಹಂತಕ್ಕೆ ಬಂತು. ಚೀನಾ ಸೇರಿ ಹಲವು ದೇಶಗಳ ಸರಕಿನ ಸುಂಕ ಇಳಿಸುವ, ತೆಗೆಯುವ ಒಪ್ಪಂದ. ನಮ್ಮ ಕಡೆ ಹಾಲಿನವರೂ ರೇಷ್ಮೆಯವರೂ ಬೀದಿಗಿಳಿದರು. ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಅದರಿಂದ ಹಿಂದೆ ಸರಿಯಿತು. ಬೀದಿಯ ಕೂಗು ಮಾತುಕತೆಯ ಮೇಜನ್ನು ಮುಟ್ಟಬಹುದು ಅಂತ ಆವತ್ತು ನಮಗೆ ಧೈರ್ಯ ಬಂತು. ಪುಟ್ಟಣ್ಣಯ್ಯನವರು ಅದನ್ನು ನೋಡಲು ಇರಲಿಲ್ಲ, 2018ರ ಫೆಬ್ರವರಿಯಲ್ಲೇ ತೀರಿಕೊಂಡಿದ್ದರು. 2021ರ ಫೆಬ್ರವರಿ 1ರಂದು ನಿರ್ಮಲಾ ಸೀತಾರಾಮನ್ ಕಚ್ಚಾ ರೇಷ್ಮೆಯ ಸುಂಕವನ್ನು ಶೇ 10ರಿಂದ ಮತ್ತೆ ಶೇ 15 ಮಾಡಿದರು. ಅದೇ ವರ್ಷ ಕೆ.ಆರ್. ಪೇಟೆಯ ಶಾಸಕರು ರಾಜ್ಯದ ರೇಷ್ಮೆ ಸಚಿವರಾದಾಗ ಮಾವ ಫೋನು ಮಾಡಿ ಸಂತೋಷಪಟ್ಟರು.

ಮಾವ ರೇಷ್ಮೆ ಬಿಡಲಿಲ್ಲ. ಹಳದಿ ಗೂಡು ಬಿಟ್ಟು ಬಿಳಿ ಗೂಡಿಗೆ, ಹಾಸಿಗೆ ಆಗುವಂಥ ನೂಲು ಬರುವ ದ್ವಿತಳಿಗೆ ಹೋದರು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಬಂದ ವಿ-1 ಹಿಪ್ಪುನೇರಳೆ ಕಡ್ಡಿ ನೆಟ್ಟಿದ್ದಾರೆ. ಕೊಡಿಯಾಲದ ನೇಕಾರರು ಆ ರಾತ್ರಿ ಕೇಳಿದ್ದೂ ಅದನ್ನೇ: ಹಾಸಿಗೆ ಬರುವ ನೂಲು ಇಲ್ಲೇ ಕೊಡಿ, ನಾವು ಚೀನಾದ ಕಡೆ ತಿರುಗಿಯೂ ನೋಡುವುದಿಲ್ಲ ಅಂತ. ಸುಂಕ ಒಂದೇ ರೈತನನ್ನು ಕಾಯುತ್ತದೆ ಅಂತ ನಾನು ನಂಬುವುದಿಲ್ಲ. ಒಳ್ಳೆಯ ತಳಿ ಬೇಕು, ಬಿಚ್ಚಾಣಿಕೆಯ ಒಳ್ಳೆಯ ಯಂತ್ರ ಬೇಕು, ನೇಕಾರನಿಗೆ ಸಾಹುಕಾರನ ಹಂಗಿಲ್ಲದೆ ನೂಲು ಸಿಗಬೇಕು. ಆದರೆ ಇವೆಲ್ಲ ಕುದುರಲು ವರ್ಷಗಳು ಹಿಡಿಯುತ್ತವೆ. ಅಷ್ಟು ಕಾಲ ರೈತ ನಿಲ್ಲಲು ನೆಲ ಬೇಕು. ಆ ನೆಲವನ್ನು 2011ರಲ್ಲಿ ಹೇಳದೆ ಕೇಳದೆ ಒಂದೇ ಸಲಕ್ಕೆ ತೆಗೆದದ್ದು ಅನ್ಯಾಯ. ಇಳಿಸಲೇಬೇಕಿದ್ದರೆ ವರ್ಷಕ್ಕೆ ಇಷ್ಟಿಷ್ಟು ಅಂತ ಮೊದಲೇ ಹೇಳಿ ಇಳಿಸಬಹುದಿತ್ತು. ಗೂಡಿಗೆ ಒಂದು ಕೆಳಬೆಲೆ ಕಟ್ಟಿ ಆಮೇಲೆ ಇಳಿಸಬಹುದಿತ್ತು.

ಈಗಲೂ ಭಾರತ ಒಂದಲ್ಲ ಒಂದು ದೇಶದ ಜೊತೆ ವ್ಯಾಪಾರದ ಮಾತಿಗೆ ಕೂತೇ ಇರುತ್ತದೆ. ನೂಲು, ಬಟ್ಟೆ, ಸಿದ್ಧ ಉಡುಪು ಆ ಪಟ್ಟಿಯಲ್ಲಿ ಇದ್ದೇ ಇರುತ್ತವೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಜನರಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಸಂಸದರು ಊರಿಗೆ ಬಂದಾಗ ರಸ್ತೆ, ಚರಂಡಿ ಕೇಳುವ ಜೊತೆಗೆ ಇದನ್ನೂ ಕೇಳಿ: ಈ ವರ್ಷ ಯಾವ ಒಪ್ಪಂದದ ಮಾತು ನಡೆದಿದೆ, ಅದರಲ್ಲಿ ಕಚ್ಚಾ ರೇಷ್ಮೆಯ ಸುಂಕ ಎಷ್ಟಾಗುತ್ತದೆ, ಗೂಡು ಬೆಳೆಯುವವರನ್ನೂ ಕೊಡಿಯಾಲದ ನೇಕಾರರನ್ನೂ ಒಟ್ಟಿಗೆ ಕೂರಿಸಿ ಕೇಳಿದ್ದೀರಾ? ಬಜೆಟ್ ಓದಿದ ಮೇಲೆ ಕೇಳಿದರೆ ತಡವಾಗುತ್ತದೆ. ಮೊದಲೇ ಕೇಳಿ.